ಹಳೆ ಕಾರಿಗೆ ಹೊಸ ಕ್ಯಾಟ್: ಕಲಾಸಿಪಾಳ್ಯದ ಸೈಲೆನ್ಸರ್ ಅಂಗಡಿಯ ಕೆಲಸ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಕೆಲಸ ಚೆನ್ನಾಗಿದೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ನಮ್ಮ ಮನೆಯದು 2008ರ ಪೆಟ್ರೋಲ್ ಕಾರು, ಚಿಕ್ಕದು. ಅದರ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಎಂಜಿನ್ ಹೊಗೆಯ ವಿಷ ಕಡಿಮೆ ಮಾಡಲು ಹೊಗೆ ಕೊಳವೆಯಲ್ಲಿ ಕೂರಿಸಿರುವ ಡಬ್ಬಿ (ಚಿಕ್ಕದಾಗಿ 'ಕ್ಯಾಟ್'), ಕಟ್ಟಿಕೊಂಡಿತ್ತು. ಜೆ.ಸಿ. ರಸ್ತೆಯಿಂದ ಕಲಾಸಿಪಾಳ್ಯದ ಕಡೆಗೆ ನುಗ್ಗುವ ಗಲ್ಲಿಗಳಲ್ಲಿ ಒಂದು ಸಣ್ಣ ಸೈಲೆನ್ಸರ್ ಅಂಗಡಿ, ಸರಿಯಾದ ಬೋರ್ಡೂ ಇಲ್ಲ, ಅಲ್ಲಿ ಹೊಸದನ್ನು ಹಾಕಿಸಿದೆ. ಒಂದು ಮಳೆಗಾಲ ದಾಟಿದೆ, ಊರಿಗೆ ಹೋಗಿ ಬಂದಿದ್ದೂ ಆಗಿದೆ, ಈಗ ಧೈರ್ಯವಾಗಿ ಬರೆಯಬಹುದು.

ತೊಂದರೆ ಏನಿತ್ತು ಅಂದರೆ, ಊರೊಳಗೆ ಕಾರು ಸರಿಯಾಗೇ ಓಡುತ್ತಿತ್ತು. ಹೈವೇಗೆ ಬಂದರೆ, ಇಲ್ಲವೇ ಏರು ಸಿಕ್ಕರೆ, ಮೂಗು ಬಾಯಿ ಮುಚ್ಚಿಕೊಂಡು ಓಡುವವರ ಹಾಗೆ ಆಡುತ್ತಿತ್ತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಪಿಕಪ್ ಇಲ್ಲ, ಮೈಲೇಜೂ ಬಿದ್ದಿತ್ತು, ಬಾನೆಟ್ ಕೆಳಗೆ ಬಿಸಿ ಜಾಸ್ತಿ. ಮನೆ ಹತ್ತಿರದ ಗ್ಯಾರೇಜಿನವರು ಪೆಟ್ರೋಲ್ ಫಿಲ್ಟರ್ ಬದಲಾಯಿಸಿದರು, ಇಂಜೆಕ್ಟರ್ ಕ್ಲೀನ್ ಮಾಡಿದರು, ಏನೂ ಆಗಲಿಲ್ಲ. ಕೊನೆಗೆ ಅವರು ಹೇಳಿದ್ದು ಇದು: "ಕ್ಯಾಟ್ ಬ್ಲಾಕ್ ಆಗಿದೆ ಸಾರ್, ಒಳಗಿರೋದನ್ನ ಒಡೆದು ಖಾಲಿ ಮಾಡಿಬಿಡ್ತೀನಿ, ಚಾರ್ಜ್ ಏನೂ ಬೇಡ, ಹಳೆ ಗಾಡಿಗೆ ಯಾರು ನೋಡ್ತಾರೆ?"

ಚಾರ್ಜ್ ಯಾಕೆ ಬೇಡ ಅನ್ನುವುದನ್ನು ಎಲ್ಲರೂ ತಿಳಿದುಕೊಳ್ಳಬೇಕು. ಆ ಡಬ್ಬಿಯೊಳಗೆ ಜೇನುಗೂಡಿನಂಥ ಸೆರಾಮಿಕ್ ಇಟ್ಟಿಗೆ ಇರುತ್ತದೆ. ಅದರ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ತೆಳ್ಳಗೆ ಬಳಿದಿರುತ್ತಾರೆ. ಇದ್ದರೆ ಕೆಲವೇ ಗ್ರಾಂ, ಆದರೆ 2021ರಲ್ಲಿ ರೋಡಿಯಂ ಬೆಲೆ ಚಿನ್ನದ ಹತ್ತು ಪಟ್ಟಿಗಿಂತಲೂ ಮೇಲೆ ಹೋಗಿತ್ತು. ಹಾಗಾಗಿ ಹಳೆಯ ಒರಿಜಿನಲ್ ಕ್ಯಾಟ್‌ಗೆ ಗುಜರಿಯಲ್ಲಿ ಒಳ್ಳೆ ರೇಟ್ ಇದೆ. "ಫ್ರೀಯಾಗಿ ತೆಗೆದುಕೊಡ್ತೀನಿ" ಅಂದವರು ಆ ಇಟ್ಟಿಗೆಯನ್ನು ಇಟ್ಟುಕೊಂಡರೆ ಅವರ ಕೂಲಿ ಆರಾಮಾಗಿ ಹುಟ್ಟುತ್ತದೆ. ನಿಮ್ಮ ಕಾರಿನಿಂದ ಇಳಿಸಿದ ಸಾಮಾನು ನಿಮ್ಮದೇ, ಕೇಳಿ ತಗೊಳ್ಳಿ. ನಾನು ಹೋದ ಅಂಗಡಿಯವರು ಇದನ್ನು ತಾವಾಗಿಯೇ ಹೇಳಿದರು. ಹಳೆಯದನ್ನು ನೀವೇ ಒಯ್ಯಿರಿ, ಇಲ್ಲ ನಮಗೆ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತೇವೆ ಅಂದರು, ಹಾಗೇ ಕಳೆದರು.

ಆದರೆ ನನಗೆ ಇಷ್ಟವಾಗಿದ್ದು ಅದಕ್ಕಿಂತ ಮುಂಚಿನ ಕೆಲಸ. ಕ್ಯಾಟ್ ಬದಲಾಯಿಸಬೇಕು ಅಂತ ಹೋದರೆ, ಅಂಗಡಿಯ ಯಜಮಾನರು ತಕ್ಷಣ ಕಟಿಂಗ್ ಮೆಷಿನ್ ಎತ್ತಿಕೊಳ್ಳಲಿಲ್ಲ. "ಇದು ಯಾಕೆ ಹೋಯ್ತು ಅಂತ ಮೊದಲು ನೋಡೋಣ" ಅಂದರು. ಕ್ಯಾಟ್‌ಗಿಂತ ಮುಂಚೆ ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕಿದರು. 2500 ಆರ್‌ಪಿಎಂನಲ್ಲಿ ಹೊಗೆಯ ಒತ್ತಡ 3 ಪಿಎಸ್‌ಐ ದಾಟಬಾರದು ಅನ್ನುವುದು ಮೆಕ್ಯಾನಿಕ್‌ಗಳ ಸಾಮಾನ್ಯ ಲೆಕ್ಕ. ನಮ್ಮದರಲ್ಲಿ ಮುಳ್ಳು ಅದನ್ನು ದಾಟಿ ಏರುತ್ತಲೇ ಹೋಯಿತು. ಅಂದರೆ ಹೊಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಆಮೇಲೆ ಪೆಟ್ರೋಲ್ ಹೊತ್ತಿಸಲು ಕಿಡಿ ಕೊಡುವ ಪ್ಲಗ್‌ಗಳನ್ನು ಬಿಚ್ಚಿದರು. ಒಂದು ಪ್ಲಗ್ ಕಪ್ಪಗೆ, ಒದ್ದೆ. ಆ ಸಿಲಿಂಡರ್‌ನ ಪ್ಲಗ್ ವೈರ್ ಹಳೆಯದಾಗಿ ಬಿರುಕು ಬಿಟ್ಟಿತ್ತು, ಕಿಡಿ ಸರಿಯಾಗಿ ಬರುತ್ತಿರಲಿಲ್ಲ.

ಕ್ಯಾಟ್ ಸುಮ್ನೆ ಕೆಡುವುದಿಲ್ಲ. ಎಂಜಿನ್ ಮಿಸ್ಸಿಂಗ್ ಇದ್ದರೆ, ಅಂದರೆ ಯಾವುದಾದರೂ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿದ್ದರೆ, ಉರಿಯದ ಪೆಟ್ರೋಲ್ ನೇರವಾಗಿ ಕ್ಯಾಟ್‌ಗೆ ಬಂದು ಅದರೊಳಗೇ ಉರಿಯುತ್ತದೆ. ಇಟ್ಟಿಗೆಯ ಸೆರಾಮಿಕ್ ಕರಗಬೇಕಾದರೆ 1,400 ಡಿಗ್ರಿಗೂ ಮೇಲೆ ಬೇಕು, ಮಿಸ್ಸಿಂಗ್ ಜೋರಾಗಿದ್ದರೆ ಅಷ್ಟು ಬಿಸಿಯೂ ಆಗುತ್ತದೆ. ಎಂಜಿನ್ ಆಯಿಲ್ ತಿನ್ನುತ್ತಿದ್ದರೆ ಅದರ ಬೂದಿ, ಹೆಡ್ ಗ್ಯಾಸ್ಕೆಟ್ ಹೋಗಿ ಕೂಲಂಟ್ ಸೇರುತ್ತಿದ್ದರೆ ಅದರ ಪದರ, ಎಲ್ಲ ಆ ಇಟ್ಟಿಗೆಯ ಮೇಲೇ ಕೂರುತ್ತದೆ. ಕಾರಣ ಹುಡುಕದೆ ಹೊಸ ಕ್ಯಾಟ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ, ಹಾಕಿದ ಸಾವಿರಾರು ರೂಪಾಯಿ ಹೊಗೆ ಕೊಳವೆಯಲ್ಲೇ ಹೋದ ಹಾಗೆ. ಯಜಮಾನರು ಮೊದಲು ಪ್ಲಗ್, ವೈರ್ ಎಲ್ಲ ಬದಲಾಯಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸಿದರು. ಆವತ್ತು ಅವರಿಗೆ ನನ್ನಿಂದ ಒಂದು ರೂಪಾಯಿಯೂ ಬರಲಿಲ್ಲ. ಇಂಥವರ ಬಗ್ಗೆ ಬರೆಯದೆ ಇನ್ನು ಯಾರ ಬಗ್ಗೆ ಬರೆಯಬೇಕು?

ಇನ್ನು ಹಾಕಿದ ಸಾಮಾನಿನ ವಿಷಯ. ಕಂಪನಿಯ ಹೊಸ ಕ್ಯಾಟ್‌ಗೆ ವಿಚಾರಿಸಿದರೆ ಕಾರಿನ ಈಗಿನ ಬೆಲೆಯ ದೊಡ್ಡ ಪಾಲು ಅಲ್ಲೇ ಹೋಗುತ್ತಿತ್ತು. ಹಾಗಾಗಿ ಹೊರಗಿನ ಕಂಪನಿಯ ಯೂನಿವರ್ಸಲ್ ಕ್ಯಾಟ್ ಹಾಕಿಸಿದೆ. ಹಳೆಯದನ್ನು ಕತ್ತರಿಸಿ ಅದೇ ಜಾಗಕ್ಕೆ ಇದನ್ನು ವೆಲ್ಡ್ ಮಾಡುತ್ತಾರೆ. ವೆಲ್ಡಿಂಗ್, ಹೊಸ ಪ್ಯಾಕಿಂಗ್ (ಗ್ಯಾಸ್ಕೆಟ್) ಎಲ್ಲ ಸೇರಿ, ಹಳೆಯದರ ದುಡ್ಡು ಕಳೆದು, ಹತ್ತು ಸಾವಿರದ ಆಸುಪಾಸು ಬಂತು. ಇಂಥ ಕ್ಯಾಟ್‌ಗಳಲ್ಲಿ ಬೆಲೆಬಾಳುವ ಲೋಹ ಸಾಮಾನ್ಯವಾಗಿ ಕಡಿಮೆ ಇರುತ್ತದೆ, ಒರಿಜಿನಲ್ ಬಂದಷ್ಟು ವರ್ಷ ಬರುತ್ತದೆ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಇದನ್ನೂ ಅವರೇ ಬಾಯಿಬಿಟ್ಟು ಹೇಳಿದರು. ಕೊಳ್ಳುವ ಮುಂಚೆ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಸಣ್ಣ ಸಣ್ಣ ಕಿಂಡಿಗಳು ಸಾಲಾಗಿ ಕಾಣಬೇಕು, ಬೆಳಕು ಆಚೆ ಬರಬೇಕು. ಪೆಟ್ರೋಲ್ ಕಾರಿಗೆ ಪೆಟ್ರೋಲಿನದೇ ಬೇಕು, ಡೀಸೆಲ್ ಕ್ಯಾಟ್ ಸರಿಹೋಗುವುದಿಲ್ಲ. ಪೆಟ್ರೋಲಿನದು ಮೂರು ಕೆಲಸ ಮಾಡಬೇಕು: ಕಾರ್ಬನ್ ಮಾನಾಕ್ಸೈಡ್, ಉರಿಯದ ಪೆಟ್ರೋಲ್ ಮತ್ತು ನೈಟ್ರೋಜನ್ ಆಕ್ಸೈಡ್‌ಗಳನ್ನು ಒಟ್ಟಿಗೇ ಕಡಿಮೆ ಮಾಡಬೇಕು. ಟ್ಯಾಂಕಿಗೆ ಸುರಿದರೆ ಕ್ಯಾಟ್ ಕ್ಲೀನ್ ಆಗುತ್ತದೆ ಅಂತ ಮಾರುವ ಬಾಟಲಿಗಳೂ ಇವೆ. ಕರಗಿ ಮುದ್ದೆಯಾದ ಇಟ್ಟಿಗೆಗೆ ಯಾವ ಬಾಟಲಿಯೂ ಕೆಲಸ ಮಾಡುವುದಿಲ್ಲ, ಆ ದುಡ್ಡು ಉಳಿಸಿ.

ಫಲಿತಾಂಶ ಎಮಿಷನ್ ಟೆಸ್ಟ್‌ನಲ್ಲಿ ಕಂಡಿತು. ನಮ್ಮ ಕಾರು ಬಿಎಸ್ 3, ಅಂದರೆ ಹೊಗೆಗೆ ಸರ್ಕಾರ ಇಟ್ಟಿರುವ ಭಾರತ್ ಸ್ಟೇಜ್ ಮಾನದಂಡಗಳಲ್ಲಿ ಮೂರನೆಯದು. ಅದಕ್ಕೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾ 0.5, ಹೈಡ್ರೋಕಾರ್ಬನ್ 750 ಪಿಪಿಎಂ ಒಳಗಿರಬೇಕು. (ಬಿಎಸ್ 4 ಕಾರಾದರೆ 0.3 ಮತ್ತು 200.) ಮುಂಚೆ ಫೇಲ್ ಆಗಿತ್ತು, ಈಗ ಎರಡೂ ಮಿತಿಗಿಂತ ತುಂಬ ಕೆಳಗಿವೆ. ಕಾರು ಬಿಸಿಯಾದ ಮೇಲೆ ಟೆಸ್ಟ್ ಮಾಡಿಸಿ, ಕ್ಯಾಟ್ 250–300 ಡಿಗ್ರಿ ಮುಟ್ಟುವವರೆಗೆ ಕೆಲಸವನ್ನೇ ಶುರು ಮಾಡುವುದಿಲ್ಲ. ಪಿಕಪ್ ಪೂರ್ತಿ ವಾಪಸ್ ಬಂದಿದೆ. ಊರಿಗೆ ಹೋಗುವಾಗ ಶಿರಾಡಿ ಘಾಟಿಯಲ್ಲಿ ಮೂರನೇ ಗೇರಿನಲ್ಲೇ ಎಳೆಯಿತು. ಮೈಲೇಜೂ ಮೊದಲಿನ ಹಾಗೆ.

ಖಾಲಿ ಡಬ್ಬಿ ಮಾಡಿದರೂ ಪಿಕಪ್ ಬರುತ್ತಿತ್ತಲ್ವಾ ಅಂತ ಕೇಳುವವರಿದ್ದಾರೆ. ಹೌದು, ಬರುತ್ತಿತ್ತು. ಅದು ಕಟ್ಟಿಕೊಂಡಿದ್ದು ಬಿಚ್ಚಿದ್ದಕ್ಕೆ ಬರುವ ಪಿಕಪ್ಪೇ ಹೊರತು ಕ್ಯಾಟ್ ಇಲ್ಲದ್ದಕ್ಕೆ ಬರುವುದಲ್ಲ. ಹೊಸ ಕ್ಯಾಟ್ ಹಾಕಿದರೂ ಅಷ್ಟೇ ಬರುತ್ತದೆ. ಆದರೆ ಖಾಲಿ ಮಾಡಿದ ಕಾರಿನ ಹಿಂದೆ ಸಿಗ್ನಲ್‌ನಲ್ಲಿ ನಿಂತ ಸ್ಕೂಟರಿನವರು, ಆಟೋದಲ್ಲಿ ಕೂತ ಮಕ್ಕಳು ಆ ಹೊಗೆಯನ್ನೆಲ್ಲ ಕುಡಿಯಬೇಕು. ಕಣ್ಣು ಉರಿಯುವ ಆ ವಾಸನೆ ಎಲ್ಲರಿಗೂ ಗೊತ್ತು. ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟ್ ಕಡ್ಡಾಯ ಮಾಡಿದರು, ಆ ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ. ಸೀಸ ಸೇರಿದ ಪೆಟ್ರೋಲ್ ಕ್ಯಾಟ್ ಅನ್ನು ಕೆಡಿಸುತ್ತದೆ ಅಂತ ಸೀಸವಿಲ್ಲದ ಪೆಟ್ರೋಲ್ ತಂದರು, 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲನ್ನೇ ನಿಲ್ಲಿಸಿದರು. ಇಷ್ಟೆಲ್ಲ ಮಾಡಿ ತಂದಿದ್ದನ್ನು ಕಬ್ಬಿಣದ ರಾಡಿನಲ್ಲಿ ಒಡೆದು ಉದುರಿಸುತ್ತಾರಲ್ಲ, ಅದು ನನಗೆ ನಿಜಕ್ಕೂ ಸಂಕಟ. ಒಡೆಯುವ ಹುಡುಗರ ಮೂಗಿಗೆ ಒಂದು ಬಟ್ಟೆಯೂ ಇರುವುದಿಲ್ಲ, ಆ ಪುಡಿಯೆಲ್ಲ ಅವರ ಎದೆಗೇ ಹೋಗುತ್ತದೆ. ಜೊತೆಗೆ 15 ವರ್ಷ ಆದ ಕಾರಿನ ಫಿಟ್‌ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿಗೆ ಆರ್‌ಟಿಒ ಮುಂದೆ ನಿಲ್ಲಬೇಕು, ಅಲ್ಲಿ ಎಮಿಷನ್ ಸರ್ಟಿಫಿಕೇಟ್ ಬೇಕೇ ಬೇಕು. 2013ರ ನಂತರದ ಕಾರಾದರೆ ಕ್ಯಾಟ್ ಹಿಂದೆ ಇನ್ನೊಂದು ಸೆನ್ಸರ್ ಇರುತ್ತದೆ, ಖಾಲಿ ಮಾಡಿದರೆ ಅದು ಕಂಡುಹಿಡಿದು ಚೆಕ್ ಎಂಜಿನ್ ಲೈಟ್ ಹತ್ತಿಸುತ್ತದೆ, ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಕೋಡ್ ಬರುತ್ತದೆ.

ಅಂಗಡಿಯಲ್ಲಿ ಸರಿಯಿಲ್ಲದ್ದೂ ಇದೆ. ಕಾಯುವುದಕ್ಕೆ ಜಾಗ ಇಲ್ಲ, ಕಾರು ನಿಲ್ಲಿಸುವುದಕ್ಕಂತೂ ಇಲ್ಲವೇ ಇಲ್ಲ. ಬಿಲ್ ನಾವಾಗಿ ಕೇಳಬೇಕು. ಗ್ಯಾರಂಟಿ ಬಾಯಿಮಾತಿನದು, ಒತ್ತಾಯ ಮಾಡಿ ಬಿಲ್ಲಿನ ಹಿಂದೆ ಬರೆಸಿಕೊಂಡೆ. ಹೀಟ್ ಶೀಲ್ಡ್ (ಬಿಸಿ ತಡೆಯುವ ತಗಡು) ಅನ್ನು ಮೊದಲು ಸಡಿಲವಾಗಿ ಕೂರಿಸಿದ್ದರು, ಹಂಪ್ ಹತ್ತಿದಾಗೆಲ್ಲ ಗಲಗಲ ಸದ್ದು. ವಾಪಸ್ ಹೋದಾಗ ಕ್ಲ್ಯಾಂಪ್ ಹಾಕಿ ಸರಿಮಾಡಿದರು, ದುಡ್ಡು ಕೇಳಲಿಲ್ಲ. ಸೈಲೆನ್ಸರ್ ಸದ್ದು ಮುಂಚಿಗಿಂತ ಒಂಚೂರು ದಪ್ಪ ಆಗಿದೆ, ಕಾರೊಳಗೆ ಗೊತ್ತಾಗುವುದಿಲ್ಲ.

ಹೋಗುವವರು ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹೋಗಿ. ಓಡಿಸಿಕೊಂಡು ಬಂದ ಕಾರಿನ ಕ್ಯಾಟ್ ಕೆಂಡದಷ್ಟು ಬಿಸಿ ಇರುತ್ತದೆ, ತಣ್ಣಗಾಗುವವರೆಗೆ ಯಾರೂ ಕೈ ಹಾಕುವುದಿಲ್ಲ. ಪ್ಲಗ್ ಮತ್ತು ವೈರ್ ಯಾವಾಗ ಬದಲಾಯಿಸಿದ್ದು, ಆಯಿಲ್ ಎಷ್ಟು ಕಡಿಮೆಯಾಗುತ್ತಿದೆ ಅನ್ನುವುದನ್ನು ನೋಡಿಟ್ಟುಕೊಂಡು ಹೋಗಿ, ಮೊದಲ ಪ್ರಶ್ನೆಯೇ ಅದು.