ಹೆಡ್‌ಲೈಟ್ ಬದಲಾಯಿಸಿದವರೇ, ಮೊದಲು ಫ್ಯೂಸಿನ ಬಣ್ಣ ನೋಡಿ

ಬಾನೆಟ್ ಎತ್ತಿ. ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆಯಿರಿ. ಹೆಡ್‌ಲೈಟಿನ ಜಾಗದಲ್ಲಿ ಎಷ್ಟು ಆಂಪಿಯರಿನ ಫ್ಯೂಸ್ ಇರಬೇಕು ಅಂತ ಮುಚ್ಚಳದ ಒಳಗೋ ಗಾಡಿ ಜೊತೆ ಬಂದ ಪುಸ್ತಕದಲ್ಲೋ ಇರುತ್ತದೆ. ಅಷ್ಟೇ ಇದೆಯಾ ನೋಡಿ, ಆಮೇಲೆ ಬಂದು ಇದನ್ನು ಓದಿ. ನಾನು ನೋಡಲಿಲ್ಲ. ನನ್ನ ಗಾಡಿಯಲ್ಲಿ ಕೆಂಪು ಫ್ಯೂಸ್ ಇರಬೇಕಿತ್ತು, 10 ಆಂಪಿಯರಿನದು. ಇದ್ದದ್ದು ಹಸಿರು. ಹಸಿರು ಅಂದರೆ 30.

ನಾಚಿಕೆ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವನು. ಊರ ಮನೆಯಲ್ಲಿ ಯಾರಾದರೂ ಫ್ಯೂಸಿಗೆ ದಪ್ಪ ತಂತಿ ಕಟ್ಟಿದರೆ ಗಂಟೆಗಟ್ಟಲೆ ಬೈಯುವವನು. ಅಂಥವನಿಗೇ ಟೋಪಿ ಹಾಕಿದರು.

ಆಗಿದ್ದಿಷ್ಟು. ಮಳೆಗಾಲ ಶುರುವಾಗುವ ಮೊದಲು ಕಾರಿಗೆ ಎಲ್‌ಇಡಿ ಹಾಕಿಸೋಣ ಅಂತ ಬೆಂಗಳೂರಿನ ಜೆ.ಸಿ. ರೋಡಿಗೆ ಹೋದೆ. ಅಲ್ಲಿಯ ವ್ಯವಹಾರ ನಿಮಗೆ ಗೊತ್ತಲ್ಲ, ಗಾಡಿ ನಿಲ್ಲಿಸುವಷ್ಟರಲ್ಲಿ ನಾಲ್ಕು ಜನ ಕಿಟಕಿ ಹತ್ತಿರ ಇರುತ್ತಾರೆ. 7,500 ಅಂದರು, ಚೌಕಾಸಿ ಮಾಡಿ 5,200ಕ್ಕೆ ಇಳಿಸಿದೆ. ಗೆದ್ದೆ ಅಂದುಕೊಂಡೆ. ಬಿಲ್ ಕೇಳಿದ್ದಕ್ಕೆ "ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರಿಸ್ಬೇಕಾಗತ್ತೆ ಸರ್, ಯಾಕೆ ಸುಮ್ನೆ" ಅಂದರು. ವಿಸಿಟಿಂಗ್ ಕಾರ್ಡಿನ ಹಿಂದೆ "1 ವರ್ಷ ವಾರಂಟಿ" ಅಂತ ಬರೆದು ಕೊಟ್ಟರು. ಪೆನ್ನಿನಲ್ಲಿ!

ಬಾಕ್ಸಿನ ಮೇಲೆ ಒಂದೊಂದು ಬಲ್ಬಿಗೂ 200 ವ್ಯಾಟ್ ಅಂತ ಇತ್ತು. 200ನ್ನು ಬ್ಯಾಟರಿಯ 12 ವೋಲ್ಟಿನಿಂದ ಭಾಗಿಸಿದರೆ 16 ಆಂಪಿಯರ್ ದಾಟುತ್ತದೆ. ಅಷ್ಟು ನಿಜವಾಗಲೂ ಎಳೆದರೆ 10ರ ಫ್ಯೂಸ್ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಂದರೆ ಬಾಕ್ಸೇ ಸುಳ್ಳು. ಎಸ್ಸೆಸ್ಸೆಲ್ಸಿ ಹುಡುಗ ಹಾಕಬಹುದಾದ ಲೆಕ್ಕ. ನಾನು ಹಾಕಲಿಲ್ಲ, ಬೆಳಕು ನೋಡಿ ಮರುಳಾಗಿದ್ದೆ.

"ಹಳೇ ಬಲ್ಬ್ ಇಲ್ಲೇ ಇರ್ಲಿ ಬಿಡಿ ಸರ್, ನಿಮಗ್ಯಾಕೆ ಅದು" ಅಂದರು. ಹೂಂ ಅಂದೆ. ಇದನ್ನು ನೆನಪಿಟ್ಟುಕೊಳ್ಳಿ.

ಮೊದಲ ವಾರವೇ ಬಲಗಡೆ ಲೈಟು ಮಿಣಮಿಣ ಅನ್ನತೊಡಗಿತು. ಲೈಟ್ ಹಾಕಿದರೆ ಎಫ್ಎಂನಲ್ಲಿ ಗರಗರ ಸದ್ದು, ಆರಿಸಿದರೆ ಇಲ್ಲ. ಎಲ್‌ಇಡಿಗೆ ಕರೆಂಟು ಹದ ಮಾಡಿ ಕೊಡುವ ಡ್ರೈವರ್ ಡಬ್ಬಿ ಕಳಪೆಯಾಗಿದ್ದರೆ ರೇಡಿಯೋಗೆ ಹೀಗೆ ತೊಂದರೆ ಕೊಡುತ್ತದೆ. ಮಿಣಮಿಣಕ್ಕೆ ಕಾರಣ ಬೇರೆ ಇರಬಹುದು. ಕೆಲವು ಗಾಡಿಗಳಲ್ಲಿ ಕರೆಂಟು ಒಂದೇ ಸಮ ಬರದೆ ತುಂಡು ತುಂಡಾಗಿ ಬರುತ್ತದೆ. ಹ್ಯಾಲೊಜನ್ ತಂತಿ ಕಾದೇ ಇರುವುದರಿಂದ ಅದು ಕಾಣುವುದಿಲ್ಲ, ಎಲ್‌ಇಡಿಯಲ್ಲಿ ಕಾಣುತ್ತದೆ. ವಾಪಸ್ ಹೋದೆ. "ಡಿಕೋಡರ್ ಹಾಕ್ಬೇಕು ಸರ್" ಅಂತ ಇನ್ನೊಂದು 1,200 ತೆಗೆದುಕೊಂಡರು. ಡಿಕೋಡರ್ ಅಂದರೆ ಆ ತುಂಡು ತುಂಡು ಕರೆಂಟನ್ನು ಸಮ ಮಾಡುವ ಇನ್ನೊಂದು ಡಬ್ಬಿ. ಅದನ್ನು ಕಪ್ಪು ಟೇಪ್ ಸುತ್ತಿ ಬಲ್ಬಿನ ಹಿಂದೆ ತೂಗಾಡಿಸಿ ಬಿಟ್ಟರು.

ಹತ್ತು ದಿನ ಕಳೆಯಿತು. ಬಲಗಡೆ ಲೈಟು ಪೂರ್ತಿ ಹೋಯಿತು. ಮತ್ತೆ ಹೋದೆ. ಒಬ್ಬ ಹುಡುಗ ಬಂದ, ಬಾನೆಟ್ ಎತ್ತಿದ, ಜೇಬಿನಿಂದ ಏನೋ ತೆಗೆದು ಒತ್ತಿದ. ಲೈಟು ಬಂತು! ಎರಡು ನಿಮಿಷದ ಕೆಲಸ. "ಫ್ಯೂಸ್ ಹೋಗಿತ್ತು ಅಣ್ಣ, ಚೇಂಜ್ ಮಾಡಿದೀನಿ." ಎಷ್ಟಾಯ್ತಪ್ಪ ಅಂದೆ. "ಅಯ್ಯೋ, ಇದು ಫ್ರೀ ಅಣ್ಣ."

ಫ್ರೀ. ಇಲ್ಲೇ ನಾನು ಬಿದ್ದಿದ್ದು. ಫ್ಯೂಸ್ ಯಾಕೆ ಹೋಯ್ತು ಅಂತ ಕೇಳಬೇಕಿತ್ತು. ಫ್ಯೂಸ್ ಸುಮ್ಮನೆ ಹೋಗುವುದಿಲ್ಲ ಅಂತ ನನಗೆ ಗೊತ್ತಿಲ್ಲವಾ? ಗೊತ್ತು. ಆದರೂ ಖುಷಿಯಾಗಿ ಟೀ ಕುಡಿಯಪ್ಪ ಅಂತ ಅವನ ಕೈಗೆ 50 ರೂಪಾಯಿ ಕೊಟ್ಟು ಬಂದೆ. ನನ್ನ ಗಾಡಿಗೆ ಬೆಂಕಿ ಇಡುವುದಕ್ಕೆ ನಾನೇ ಟಿಪ್ಸ್ ಕೊಟ್ಟ ಹಾಗಾಯಿತು.

ಮುಂದಿನ ಶನಿವಾರ ಅಮ್ಮ ಮತ್ತು ಹೆಂಡತಿಯನ್ನು ಕರೆದುಕೊಂಡು ಊರಿಗೆ ಹೊರಟೆ. ಸಕಲೇಶಪುರ ದಾಟುವಾಗಲೇ ಕತ್ತಲು, ಶಿರಾಡಿಯಲ್ಲಿ ಜಡಿಮಳೆ. ಎದುರು ಬರುವವರೆಲ್ಲ ಡಿಪ್ ಡಿಪ್ ಮಾಡುತ್ತಿದ್ದರು. ಹೆಂಡತಿ "ನಿಮ್ಮ ಲೈಟು ಅವರ ಕಣ್ಣಿಗೆ ಹೊಡೀತಿದೆ ಕಣ್ರೀ" ಅಂದಳು. ಹ್ಯಾಲೊಜನ್‌ಗೆ ಮಾಡಿದ ರಿಫ್ಲೆಕ್ಟರಿಗೆ ಎಲ್‌ಇಡಿ ತುರುಕಿದರೆ ಬೆಳಕು ಎಲ್ಲೆಲ್ಲೋ ಚೆಲ್ಲುತ್ತದೆ. 2024ರ ಜುಲೈನಲ್ಲಿ ನಮ್ಮ ಪೊಲೀಸರು ಕಣ್ಣು ಕುಕ್ಕುವ ಲೈಟುಗಳಿಗೆ ಕೇಸ್ ಹಾಕಲು ಹೊರಟಾಗ ಬೈದವರಲ್ಲಿ ನಾನೂ ಒಬ್ಬ. ಈಗ ಬೈಯಲ್ಲ.

ಮಾರನಹಳ್ಳಿ ದಾಟಿದ ಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಮುಂದಿನ ಲಾರಿಯದು ಅಂದುಕೊಂಡೆ. ಲಾರಿ ತಿರುವಿನಲ್ಲಿ ಮರೆಯಾಯಿತು, ವಾಸನೆ ಹೋಗಲಿಲ್ಲ. ಬಲಗಡೆ ಲೈಟು ಆರಿತು. ಬಾನೆಟ್ಟಿನ ಸಂದಿಯಿಂದ ಹೊಗೆ. ಪಕ್ಕಕ್ಕೆ ನಿಲ್ಲಿಸಿ, ಎಲ್ಲಾ ಆಫ್ ಮಾಡಿ, ಅಮ್ಮನನ್ನು ಮಳೆಯಲ್ಲೇ ಇಳಿಸಿದೆ. ಅಮ್ಮನಿಗೆ 71 ವರ್ಷ. ಸೆರಗು ತಲೆಗೆ ಹೊದ್ದು ನಿಂತು "ಏನಾಯ್ತೋ" ಅಂತ ಕೇಳುತ್ತಿದ್ದರು, ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊಬೈಲ್ ಟಾರ್ಚಿನಲ್ಲಿ ಬಲಗಡೆಯ ಫ್ಯೂಸ್ ಕಿತ್ತೆ. ಕೈಯಲ್ಲಿ ಹಿಡಿದು ನೋಡಿದರೆ ಹಸಿರು. ಮೇಲೆ ದೊಡ್ಡದಾಗಿ 30. ಅದು ಮಾತ್ರ ಹೊಸದರ ಹಾಗೆ ಗಟ್ಟಿಯಾಗಿತ್ತು.

ಆಗ ಎಲ್ಲಾ ಅರ್ಥವಾಯಿತು. ಫ್ಯೂಸ್ ಸಾಯಬೇಕಿತ್ತು, ಅದರ ಬದಲು ವೈರ್ ಸತ್ತಿತ್ತು.

ಎಡಗಡೆಯ ಒಂದೇ ಲೈಟು, ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಒಂದು ಗ್ಯಾಸ್ ಟ್ಯಾಂಕರಿನ ಹಿಂದೆ ತೆವಳುತ್ತಾ ಗುಂಡ್ಯ ದಾಟಿ ನೆಲ್ಯಾಡಿ ಸೇರಿದೆವು. ಹಳೇ ಬಲ್ಬ್ ಇದ್ದಿದ್ದರೂ ಹಾಕುವ ಹಾಗಿರಲಿಲ್ಲ, ಹೋಲ್ಡರೇ ಕರಗಿತ್ತು.

ಮರುದಿನ ಉಪ್ಪಿನಂಗಡಿಯ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಟೇಪ್ ಬಿಚ್ಚಿದರು. ಬಿಸಿಗೆ ಅಂಟು ಕರಗಿ ಬೆರಳಿಗೆಲ್ಲಾ ಹತ್ತಿಕೊಂಡಿತು. ಒಳಗೆ ಬೆಸುಗೆ ಇಲ್ಲ, ಎರಡು ತಂತಿ ಹೊಸೆದು ಬಿಟ್ಟಿದ್ದಾರೆ. ಆ ಡಿಕೋಡರ್ ಡಬ್ಬಿ ತೂಗಾಡಿ ತೂಗಾಡಿ ಅದರ ವೈರು ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಹೋಗಿತ್ತು. ಪೂರ್ತಿ ತಾಗಿದ್ದರೆ 30ರ ಫ್ಯೂಸೂ ಹೋಗುತ್ತಿತ್ತು. ಇದು ಅರ್ಧಂಬರ್ಧ ತಾಗುತ್ತಿತ್ತು. 10ರದ್ದು ಸರಿಯಾಗಿಯೇ ಹೋಗಿ ಎಚ್ಚರಿಕೆ ಕೊಟ್ಟಿತ್ತು, ಅದನ್ನು ಕಿತ್ತು 30ರದ್ದು ಹಾಕಿ ಬಾಯಿ ಮುಚ್ಚಿಸಿದ್ದರು.

"ಇದು ಯಾರು ಮಾರಾಯ್ರೆ ಮಾಡಿದ್ದು?" ಅಂತ ಕೇಳಿದರು. ನಾನು ಹೇಳಲಿಲ್ಲ. ನಾನು ಏನು ಓದಿದ್ದೇನೆ ಅಂತಲೂ ಹೇಳಲಿಲ್ಲ.

ಸುಟ್ಟ ವೈರ್ ಕತ್ತರಿಸಿ, ಹೊಸ ಹೋಲ್ಡರ್ ಹಾಕಿ, ಬೆಸುಗೆ ಇಟ್ಟು, ಮೇಲೆ ಸ್ಲೀವ್ ಏರಿಸಿ, ಮಾಮೂಲಿ 60/55 ವ್ಯಾಟಿನ ಹ್ಯಾಲೊಜನ್ ಹಾಕಿ ಕೊಟ್ಟರು. ಎಲ್ಲಾ ಸೇರಿ 2,800.

ಈಗ ಅಂಗಡಿಯವರ ಉತ್ತರಗಳು. ಸುಟ್ಟ ವೈರಿನ ಫೋಟೋ ಕಳಿಸಿದೆ. ಎರಡು ದಿನ ನೀಲಿ ಟಿಕ್ ಮಾತ್ರ. ಆಮೇಲೆ "ನಿಮ್ ಬ್ಯಾಟರಿ ವೀಕ್ ಇರ್ಬೇಕು ಸರ್". ಮೀಟರ್ ಇಟ್ಟು ಫೋಟೋ ಕಳಿಸಿದೆ: ಇಂಜಿನ್ ಆಫ್ ಇದ್ದಾಗ 12.6 ವೋಲ್ಟ್, ಆನ್ ಇದ್ದಾಗ 14.1. ವೀಕ್ ಎಲ್ಲಿದೆ? ಆಗ "ನೀರು ಹೋಗಿದೆ ಸರ್, ನೀರು ಹೋದ್ರೆ ವಾರಂಟಿ ಬರಲ್ಲ". ಹೆಡ್‌ಲೈಟಿಗೆ ಮಳೆ ಬೀಳಬಾರದು ಅಂದರೆ ಗಾಡಿಯನ್ನು ಬೀರುವಿನಲ್ಲಿ ಇಡಬೇಕಾ? ಆಮೇಲೆ "ವಾರಂಟಿ ಬಲ್ಬಿಗೆ ಸರ್, ವೈರಿಂಗಿಗಲ್ಲ". ಕೊನೆಗೆ "ಆ ಫ್ಯೂಸ್ ನಮ್ದಲ್ಲ, ಹೊರಗಡೆ ಯಾರೋ ಹಾಕಿದಾರೆ". ಹುಡುಗನನ್ನು ಕೇಳಿ ಅಂದರೆ ಅವನು ಊರಿಗೆ ಹೋಗಿದ್ದಾನಂತೆ.

ಕಂಪನಿ ಸರ್ವಿಸಿನವರೂ ಕೈ ತೊಳೆದುಕೊಂಡರು. ಹೊರಗಡೆ ವೈರ್ ಕತ್ತರಿಸಿದ್ದಕ್ಕೆ ಅವರ ವಾರಂಟಿ ಇಲ್ಲ. ಅದು ನ್ಯಾಯವೇ, ಏನೂ ಅನ್ನುವ ಹಾಗಿಲ್ಲ.

ಎಲ್‌ಇಡಿ ಹಾಕಿಸಲೇಬೇಕು ಅನ್ನುವವರು ವೈರ್ ಕತ್ತರಿಸಲು ಬಿಡಬೇಡಿ, ಬಿಲ್ ಇಲ್ಲದೆ ಕಾಸು ಬಿಚ್ಚಬೇಡಿ. ಫ್ಯೂಸ್ ಹೋದರೆ ಕಾರಣ ಕೇಳಿ, ಹೊಸದರ ಮೇಲಿನ ನಂಬರ್ ನೋಡಿ. ಹಳೇ ಬಲ್ಬನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಡಿ.

ಕಳೆದ ವಾರ ಅಂಗಡಿಗೇ ಹೋದೆ. ಕಾಸು ವಾಪಸ್ ಇಲ್ಲ. "ಹೊಸ ಸೆಟ್ ತಗೊಳ್ಳಿ ಸರ್, ನಿಮಗೆ ಅಂತ 1,000 ಕಮ್ಮಿ ಮಾಡ್ತೀನಿ" ಅಂದರು. ಹೋಗಲಿ, ನನ್ನ ಹಳೇ ಬಲ್ಬನ್ನಾದರೂ ಕೊಡಿ ಅಂದೆ.

"ಯಾವ ಬಲ್ಬ್ ಸರ್?"