ರೇನಾಕ್ಸ್ ಡಿಸಿಆರ್-250: ಮಬ್ಬು ಬೆಳಕಿನ ಮ್ಯಾಕ್ರೋಗೆ ಎಷ್ಟು ಒದಗುತ್ತದೆ?

ಹುಳುಹುಪ್ಪಟೆಗಳನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಚಿತ್ರಕ್ಕೆ, ಕ್ಯಾಮರಾ ಮತ್ತು ಲೆನ್ಸಿನ ನಡುವೆ ಎಕ್ಸ್‌ಟೆನ್ಷನ್ ಟ್ಯೂಬ್ ಎಂಬ ಖಾಲಿ ಕೊಳವೆ ಹಾಕಿ 1:1 ಗಾತ್ರಕ್ಕೆ (ಸೆನ್ಸರ್ ಮೇಲೆ ವಸ್ತುವಿನಷ್ಟೇ ದೊಡ್ಡ ಬಿಂಬ) ಹೋದರೆ ಸೆನ್ಸರ್ ಮುಟ್ಟುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮೊದಲೇ ಬೆಳಕು ಕಡಿಮೆ, ಅದರ ಮೇಲೆ ಎರಡು ಸ್ಟಾಪ್ ನಷ್ಟ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು). ಲೆನ್ಸಿನ ಮೂತಿಗೆ ಸಿಕ್ಕಿಸುವ ಕ್ಲೋಸ್-ಅಪ್ ಗಾಜಾದ ಡಿಸಿಆರ್-250ರಲ್ಲಿ ಈ ನಷ್ಟವಿಲ್ಲ. ಅದರ ದೊಡ್ಡ ಗುಣ ಇದೇ.

ಶಕ್ತಿ 8 ಡಯಾಪ್ಟರ್ (ಕನ್ನಡಕದ ಪವರ್ ಅಳೆಯುವ ಅದೇ ಮಾನ), ಒಳಗೆ ಮೂರು ಗಾಜು. ಒಂಟಿ ಗಾಜಿನ ಅಗ್ಗದ ಕ್ಲೋಸ್-ಅಪ್ ಫಿಲ್ಟರ್‌ಗಳಲ್ಲಿ ಕಾಣುವ ನೇರಳೆ ಅಂಚು ಇದರಲ್ಲಿ ತುಂಬಾ ಕಡಿಮೆ. ಮೂಲ ಲೆನ್ಸಿನ ಫೋಕಸ್ ಇನ್ಫಿನಿಟಿಗೆ ಇಟ್ಟರೆ 100 ಮಿ.ಮೀ.ಗೆ 0.8 ಪಟ್ಟು, 200 ಮಿ.ಮೀ.ಗೆ 1.6 ಪಟ್ಟು ಸಿಗುತ್ತದೆ. ಜೂಮ್ ಲೆನ್ಸನ್ನು ಅಗಲಕ್ಕೆ ತಿರುಗಿಸಿದರೆ ಮೂಲೆಗಳು ಕಪ್ಪಾಗುತ್ತವೆ. 100ರಿಂದ ಮೇಲೆಯೇ ಬಳಸಿ.

ಬೆಳಕು ಉಳಿಯಿತೆಂದು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಅದು ಚಿಕ್ಕದು) ಪೂರ್ತಿ ತೆರೆಯಬೇಡಿ. ಎಪಿಎಸ್-ಸಿ (ಫುಲ್‌ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಕ್ಯಾಮರಾದಲ್ಲಿ 1.6 ಪಟ್ಟಿಗೆ ಎಫ್/11 ಇಟ್ಟರೂ ಫೋಕಸ್‌ನಲ್ಲಿರುವ ಆಳ ಕಾಲು ಮಿಲಿಮೀಟರ್ ದಾಟುವುದಿಲ್ಲ. ಜಿಗಿಯುವ ಜೇಡದ ಮುಂದಿನ ಎರಡು ದೊಡ್ಡ ಕಣ್ಣು ಫಳಫಳ ಹೊಳೆಯುತ್ತಿದ್ದರೆ, ಅದರ ಮುಂಗಾಲಿನ ರೋಮ ಆಗಲೇ ಮಸುಕು. ಎಫ್/5.6ರಲ್ಲಿ ಒಂದು ಕಣ್ಣು ಸಿಕ್ಕರೆ ಇನ್ನೊಂದು ಕೈಬಿಡುತ್ತದೆ.

ಹಾಗಾಗಿ ಫ್ಲ್ಯಾಶ್ ಬೇಕೇ ಬೇಕು. ಮ್ಯಾನ್ಯುಯಲ್ ಮೋಡ್, ಎಫ್/11, ಶಟರ್ 1/200 ಸೆಕೆಂಡ್, ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) 200, ಫ್ಲ್ಯಾಶ್ ಪೂರ್ಣ ಶಕ್ತಿಯ 1/16ರಿಂದ ಶುರು ಮಾಡಿ. ಇಲ್ಲಿ ಚಿತ್ರ ನಿಲ್ಲಿಸುವುದು ಶಟರ್ ಅಲ್ಲ, ಫ್ಲ್ಯಾಶಿನ ಮಿಂಚು. ಕ್ಯಾಮರಾದ ನೆತ್ತಿಗೆ ಸಿಕ್ಕಿಸುವ ಸಾಮಾನ್ಯ ಹಾಟ್‌ಶೂ ಫ್ಲ್ಯಾಶ್ 1/16 ಶಕ್ತಿಯಲ್ಲಿ ಉರಿಯುವುದು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದ ಆಸುಪಾಸು; ಪೂರ್ಣ ಶಕ್ತಿಯಲ್ಲಿ ಅದಕ್ಕಿಂತ ಹತ್ತಾರು ಪಟ್ಟು ನಿಧಾನವಾಗಬಹುದು, ಆಗ ಕೈನಡುಕ ಮತ್ತೆ ಕಾಣುತ್ತದೆ. ಡಿಫ್ಯೂಸರನ್ನು (ಫ್ಲ್ಯಾಶ್ ಬೆಳಕನ್ನು ಹರಡಿ ಮೃದುವಾಗಿಸುವ ಮರೆ) ಹುಳುವಿನ ಹತ್ತಿರಕ್ಕೆ ತರುವುದು ಇದೇ ಕಾರಣಕ್ಕೆ: ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು, ಅಷ್ಟೇ ಶಕ್ತಿ ಇಳಿಸಬಹುದು. ಎರಡು ಪದರ ಬಿಳಿ ಫೋಮ್ ಹಾಳೆಯನ್ನು ಲೆನ್ಸಿನ ಮೇಲೆ ಚಜ್ಜದಂತೆ ಬಾಗಿಸಿದರೆ ಸಾಕು.

ಕಷ್ಟವೂ ಅಲ್ಲೇ ಇದೆ. ವಸ್ತುವಿಗೂ ಗಾಜಿಗೂ ನಡುವೆ ಸುಮಾರು 12 ಸೆಂ.ಮೀ. ಮಾತ್ರ. ಡಿಫ್ಯೂಸರ್ ಗಾಜಿನ ತುದಿಗಿಂತ ಹಿಂದೆ ನಿಂತರೆ ಮೂತಿಯ ನೆರಳು ಹುಳುವಿನ ಹೊಟ್ಟೆಯ ಮೇಲೆ ಬೀಳುತ್ತದೆ. ಆಟೋಫೋಕಸ್ ಕತ್ತಲಲ್ಲಿ ಹಿಂದೆಮುಂದೆ ಹುಡುಕಾಡುತ್ತದೆ. ಅದನ್ನು ಆಫ್ ಮಾಡಿ, ಸಣ್ಣ ಎಲ್‌ಇಡಿ ದೀಪ ಹಿಡಿದು, ಮೈಯನ್ನೇ ಕೂದಲೆಳೆಯಷ್ಟು ಮುಂದೆ ಸರಿಸುತ್ತಾ ಕ್ಲಿಕ್ ಮಾಡಿ. ಹಿನ್ನೆಲೆ ಕಪ್ಪಾದರೆ ಹುಳುವಿನ ಹಿಂದೆ ಒಂದು ಹಸಿರೆಲೆ ಬರುವಂತೆ ಕೋನ ಬದಲಿಸಿ. ಐಎಸ್‌ಒ ಏರಿಸುವುದು ಆಮೇಲಿನ ಮಾತು.

ಜೊತೆಗೆ ಬರುವ ಸ್ಪ್ರಿಂಗ್ ಕ್ಲಿಪ್ಪು 52ರಿಂದ 67 ಮಿ.ಮೀ. ಫಿಲ್ಟರ್ ಅಳತೆಗೆ ಕೂರುತ್ತದೆ. ಹಾಕುವುದು ಎರಡು ಸೆಕೆಂಡಿನ ಕೆಲಸ, ಆದರೆ ಟೊಂಗೆ ತಾಗಿದರೆ ಓರೆಯಾಗುತ್ತದೆ, ಚಿತ್ರದ ಒಂದು ಪಕ್ಕ ಮಾತ್ರ ಮಸುಕಾಗುತ್ತದೆ. ಹಾಗೆ ಕಂಡರೆ ಫೋಕಸ್ಸನ್ನು ದೂರಬೇಡಿ, ಮೊದಲು ಕ್ಲಿಪ್ ನೋಡಿ. ಗಾಜಿನ ಸ್ವಂತ ತಿರುಪು 43 ಮಿ.ಮೀ.; ದೊಡ್ಡ ಮೂತಿಗೆ ಚಿಕ್ಕ ಗಾಜು ಕೂರಿಸುವ ಸ್ಟೆಪ್-ಡೌನ್ ರಿಂಗ್ ಹಾಕಿ ತಿರುಗಿಸಿ ಬಿಗಿದರೆ ಈ ತೊಂದರೆಯೇ ಇಲ್ಲ.

ಚಿಟ್ಟೆ, ಏರೋಪ್ಲೇನ್ ಚಿಟ್ಟೆಯಂಥ ದೊಡ್ಡ, ನಾಚುವ ಜೀವಿಗಳೇ ಗುರಿಯಾದರೆ ಇದು ಬೇಡ. 4.8 ಡಯಾಪ್ಟರಿನ ಡಿಸಿಆರ್-150 ತೆಗೆದುಕೊಳ್ಳಿ. ಅದು 20 ಸೆಂ.ಮೀ. ದೂರ ಬಿಡುತ್ತದೆ, 200 ಮಿ.ಮೀ. ಲೆನ್ಸಿಗೆ ಹೆಚ್ಚುಕಡಿಮೆ 1:1 ಕೊಡುತ್ತದೆ.