ಅಡುಗೆ ಬಾರದವರ ಔತಣಕ್ಕೆ ಮಾಟುಂಗಾದ ಊಟ

ಅಡುಗೆಯ ಅಭ್ಯಾಸವೇ ಇಲ್ಲದ ನಮ್ಮಂಥವರು ಮನೆಗೆ ಹತ್ತು-ಹನ್ನೆರಡು ಮಂದಿಯನ್ನು ರಾತ್ರಿಯೂಟಕ್ಕೆ ಕರೆದಾಗ ನೆಚ್ಚಬಹುದಾದದ್ದು, ಮುಂಬೈಯ ಮಾಟುಂಗಾದಲ್ಲಿ ಉಡುಪಿ ಕಡೆಯ ದಂಪತಿ ಮನೆಯಿಂದಲೇ ನಡೆಸುವ ಈ ಊಟದ ಸೇವೆ. ಕೋಸಂಬರಿ, ತೊಂಡೆಕಾಯಿ ಪಲ್ಯ, ಸಾರು ಎಲ್ಲವೂ ಚೆನ್ನಾಗಿದ್ದವು. ಆದರೆ ಊಟಕ್ಕೆ ಕಳೆಕಟ್ಟಿದ್ದು 2011ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಪಡೆದ ಮಟ್ಟುಗುಳ್ಳದ, ಅಂದರೆ ಉಡುಪಿ ಬಳಿಯ ಮಟ್ಟು ಊರಿನ ಬದನೆಯ ಹುಳಿ. ಹೋಳುಗಳು ಕರಗಿರಲಿಲ್ಲ, ಕೊತ್ತಂಬರಿ, ಉದ್ದಿನಬೇಳೆ ಹುರಿದು ಕಾಯಿಯೊಂದಿಗೆ ಅರೆದ ಮಸಾಲೆಯನ್ನು ಪೂರ್ತಿ ಹೀರಿಕೊಂಡಿದ್ದವು. ಬೆಲೆ ತುಸು ಹೆಚ್ಚೇ. ಶಾವಿಗೆ ಪಾಯಸ ಮಾತ್ರ ಮನೆ ತಲುಪುವಷ್ಟರಲ್ಲಿ ಗಟ್ಟಿಯಾಗಿತ್ತು. ಮುಂಬೈಯ ವಾಹನ ದಟ್ಟಣೆಯಲ್ಲಿ ಇದು ಅನಿವಾರ್ಯವಾದ್ದರಿಂದ ಬಿಸಿ ಹಾಲನ್ನು ಸಿದ್ಧವಾಗಿಟ್ಟುಕೊಳ್ಳುವುದು ಲೇಸು. ಬಾಳೆಎಲೆಯನ್ನು ಅವರು ಕೊಡುವುದಿಲ್ಲ, ಮಾಟುಂಗಾ ಮಾರುಕಟ್ಟೆಯಿಂದ ತಂದುಕೊಳ್ಳಬೇಕು. ಹಪ್ಪಳವನ್ನಂತೂ ಮನೆಯಲ್ಲೇ ಕರಿಯಬೇಕು, ಅಷ್ಟು ನಮಗೂ ಬರುತ್ತದೆ.